ನಡುಕ ತಲುಪುವ ಹೊತ್ತು

ಚಿಲಿಯ ಈ ಕರಾವಳಿಯಲ್ಲಿ ನೆಲ ನಡುಗುವುದು ಸುದ್ದಿಯಲ್ಲ.
ಬಟ್ಟೆ ಒಣಗಿತೇ, ಬ್ರೆಡ್ಡು ಬಂತೇ ಎಂದ ಹಾಗೆ
ನಿನ್ನೆಯದು ಗೊತ್ತಾಯಿತೇ ಎನ್ನುತ್ತಾರೆ
ತೊಮೆಯ ಅಂಗಡಿ ಕಟ್ಟೆಯಲ್ಲಿ.
ಅವತ್ತಿನದು ಹಾಗಲ್ಲ.
ರಾತ್ರಿ ಮೂರೂ ಹತ್ತು.
ಮೊದಲು ಬೆಕ್ಕು ಎದ್ದು ಹೋಯಿತು,
ಆಮೇಲೆ ಲೋಟಗಳು ಮಾತಾಡಿದವು,
ಆಮೇಲೆ ಮನೆಯೇ
ನೀರಿಂದೆದ್ದ ನಾಯಿಯಂತೆ ಮೈ ಕೊಡವಿತು.

ನನಗೆ ಮೂವರು. ರಯೆನ್‌ಗೆ ಒಂಬತ್ತು.
ಅನ್ಸೆಲ್ಮೊ, ಗಾಸ್ಪರ್ ಒಂದೇ ಬಸಿರಲ್ಲಿ ಬಂದವರು,
ಹನ್ನೊಂದು ನಿಮಿಷದ ಅಂತರ,
ಒಂದೇ ಮೂಗು, ಒಂದೇ ಜ್ವರ, ಜಗಳಕ್ಕೆ ಒಂದೇ ಬಟ್ಟಲು.

ರಯೆನ್ ಆಗಲೇ ಬಾಗಿಲಲ್ಲಿ ನಿಂತಿದ್ದಳು,
ಟಾರ್ಚು ಬಾಯಲ್ಲಿ ಕಚ್ಚಿ, ಎಲ್ಲರ ಚಪ್ಪಲಿ ಕಂಕುಳಲ್ಲಿ.
ಎಲ್ಲರದೂ ಎಂದರೆ
ಉತ್ತರದ ತಾಮ್ರದ ಗಣಿಯಲ್ಲಿರುವ ಅಪ್ಪನದೂ ಒಂದು ಜೊತೆ.
ಅನ್ಸೆಲ್ಮೊ ಕಿರುಚಿದ. ಕಿರುಚಿ, ಅತ್ತು,
ನನ್ನ ಅಂಗಿಯ ಮೇಲೆಲ್ಲ ವಾಂತಿ ಮಾಡಿ,
ನೆಲ ನಿಂತ ಮೂರೇ ನಿಮಿಷಕ್ಕೆ
ಹಸಿವು ಅಂದ.
ಗಾಸ್ಪರ್ ಮಲಗಿಯೇ ಇದ್ದ, ಕಣ್ಣು ತೆರೆದು,
ತೂಗುವ ದೀಪವನ್ನು ನೋಡುತ್ತ.
ಎತ್ತಿಕೊಂಡರೆ ಹಿಟ್ಟಿನ ಚೀಲದಂತೆ ಬಂದ.
ಅಳಲಿಲ್ಲ. ತಬ್ಬಲೂ ಇಲ್ಲ.

ಗುಡ್ಡದ ಮೇಲೆ, ಹಾಸಿದ ಕಂಬಳಿಗಳ ನಡುವೆ,
ದೋನ್ಯ ಎರ್ಮಿಂದಾ ಫ್ಲಾಸ್ಕಿನ ಮುಚ್ಚಳದಲ್ಲಿ ಚಹಾ ಹಂಚುತ್ತ
ನನ್ನ ಮಕ್ಕಳಿಗೆ ಹೆಸರಿಟ್ಟಳು:
ಇವಳು ಜಾಣೆ. ಇವನು ಪುಕ್ಕಲ.
ಇವನು ನೋಡು, ಕಲ್ಲೆದೆಯ ಗಂಡು.
ನಾನೂ ತಲೆಯಾಡಿಸಿದೆ.
ಚಹಾ ಬಿಸಿಯಿತ್ತು. ಸಮುದ್ರ ಎಲ್ಲಿದೆಯೆಂದು ಕಾಣುತ್ತಿರಲಿಲ್ಲ.
ಅಂಥ ಹೊತ್ತಲ್ಲಿ ಹೆಸರು ಸಿಕ್ಕರೆ
ಮಕ್ಕಳೇ ಸಿಕ್ಕ ಹಾಗೆ.

ನನ್ನವ್ವನೂ ನನಗೊಂದು ಹೆಸರಿಟ್ಟಿದ್ದಳು, ಮುಳ್ಳು ಎಂದು.
ಉಣ್ಣೆಯಂಗಿ ಚುಚ್ಚುತ್ತದೆಂದು ಚಳಿಗಾಲವಿಡೀ ಅಳುತ್ತಿದ್ದೆ.
ತಂಗಿಗೂ ಅದೇ ಉಣ್ಣೆ, ಅವಳಿಗೆ ಚುಚ್ಚಲಿಲ್ಲವಲ್ಲ,
ಅಲ್ಲಿಗೆ ಮಾತು ಮುಗಿಯುತ್ತಿತ್ತು.
ಆಮೇಲೆ ಗಿರಣಿಯಲ್ಲಿ ಹದಿನಾರು ವರ್ಷ
ಬೆರಳಲ್ಲಿ ಸವರಿ, ಕಣ್ಣು ಮುಚ್ಚಿ,
ಇದು ಚುಚ್ಚುತ್ತದೆ, ಇದು ಇಲ್ಲ ಎಂದು
ಉಣ್ಣೆ ಬೇರ್ಪಡಿಸಿದೆ.
ಅದಕ್ಕೆ ಸಂಬಳ ಕೊಟ್ಟರು.

ಮರುದಿನವೇ ಅನ್ಸೆಲ್ಮೊ ಆಟ ಕಟ್ಟಿದ:
ಮೇಜು ಅಲುಗಿಸುವುದು, ಎಲ್ಲರೂ ಸಾಯುವುದು,
ಎದ್ದು, ಸರದಿ ಬದಲಿಸಿ, ಮತ್ತೆ ಸಾಯುವುದು.
ರಯೆನ್ ಚಪ್ಪಲಿಗಳನ್ನು ಬಾಗಿಲ ಬಳಿ ಸಾಲಾಗಿಟ್ಟಳು,
ಮೂತಿ ಬೀದಿಗೆ.
ನಡುರಾತ್ರಿ ಎದ್ದು ಎಣಿಸುತ್ತಾಳೆ, ನಾನು ಕೇಳಿಸಿಕೊಳ್ಳುತ್ತೇನೆ.
ಜಾಣೆಗೆ ನಿದ್ದೆ ಬರುತ್ತದೆಯೇ ಎಂದು
ಯಾರೂ ಕೇಳಲಿಲ್ಲ. ನಾನೂ.

ಹತ್ತೊಂಬತ್ತನೆಯ ದಿನ, ಭಾನುವಾರ, ಕುಂಬಳದ ಸೂಪು.
ಪಕ್ಕದ ಮನೆಯಲ್ಲಿ ಯಾರೋ ಬೀರು ಎಳೆದರು.
ಗಾಸ್ಪರ್‌ನ ಚಮಚ ನಿಂತಿತು.
'ಅಮ್ಮಾ, ಆ ರಾತ್ರಿ
ಮನೆ ಎಲ್ಲಿಗೆ ಹೊರಟಿತ್ತು?'

ಎಲ್ಲಿಗೂ ಇಲ್ಲ ಮಗಾ, ಎನ್ನುವಷ್ಟರಲ್ಲಿ
ಅವನ ಗಲ್ಲ ಅದುರಿತು, ಆಮೇಲೆ ಭುಜ,
ಆಮೇಲೆ ಬಟ್ಟಲು, ಬಟ್ಟಲೊಳಗಿನ ಹಳದಿ ಸೂಪು
ಅಂಚಿಗೆ ಬಂದು ಬಂದು ಹಿಂದೆ ಹೋಯಿತು.
ಆ ದಿನ ಯಾವ ಯಂತ್ರವೂ ಏನನ್ನೂ ದಾಖಲಿಸಲಿಲ್ಲ.
ರೇಡಿಯೋ ಫುಟ್‌ಬಾಲ್ ಹೇಳುತ್ತಿತ್ತು.
ನನ್ನ ಮಗನಿಗೆ ಭೂಕಂಪ ಈಗ ತಲುಪಿತ್ತು,
ಹತ್ತೊಂಬತ್ತು ದಿನ ತಡವಾಗಿ.
ತಡವೆಂದು ನಾನೇಕೆ ಅನ್ನಬೇಕು?
ಅವನೊಳಗಿನ ದಾರಿ ಅಷ್ಟು ಉದ್ದ.

ಅನ್ಸೆಲ್ಮೊ ಕುರ್ಚಿ ಎಳೆದುಕೊಂಡು ಪಕ್ಕ ಕೂತ.
'ವಾಂತಿ ಮಾಡು,' ಅಂದ, ತಿಳಿದವನ ಹಾಗೆ,
'ಆಮೇಲೆ ಹಸಿವಾಗುತ್ತದೆ.'
ಬೆನ್ನು ಸವರಿದ, ಹನ್ನೊಂದು ನಿಮಿಷಕ್ಕೆ ಹಿರಿಯ,
ನಮ್ಮ ಪುಕ್ಕಲ.

ರಯೆನ್ ಸದ್ದಿಲ್ಲದೆ ಎದ್ದಿದ್ದಳು.
ನೋಡಿದರೆ ಬಾಗಿಲಲ್ಲಿ,
ಕಂಕುಳಲ್ಲಿ ಐದು ಜೊತೆ ಚಪ್ಪಲಿ.

ಇಳಿಸು, ಅಂದೆ.
ಇವತ್ತಿನಿಂದ ರಾತ್ರಿ ನಾನು ಎಣಿಸುತ್ತೇನೆ.
ಒಂದೊಂದಾಗಿ ಇಳಿಸಿದಳು, ಅಪ್ಪನದು ಕೊನೆಗೆ,
ಮೂತಿ ಮಾತ್ರ
ಬೀದಿಗೇ ಇಟ್ಟಳು.